ಕೊಂಬು ನೋಡಿ ಊರು ಹೇಳುವುದು: ನಮ್ಮ ದನದ ತಳಿಗಳನ್ನು ಗುರುತಿಸುವ ಬಗೆ

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಮೊದಲ ಸಲ ಹೋದಾಗ ನನಗೆ ಹನ್ನೆರಡು ವರ್ಷ. ಬಸ್ಸಿಳಿದು ದೊಡ್ಡಪ್ಪನ ಹಿಂದೆ ಹಿಂದೆ ನಡೆದೆ. ಬಯಲು ತುಂಬ ಎತ್ತುಗಳು. ಕೆಲವಕ್ಕೆ ಮದುವೆ ಮನೆಯ ಹಾಗೆ ಚಪ್ಪರ ಹಾಕಿದ್ದರು. ಕೊಂಬು ಹೆರೆದು, ಎಣ್ಣೆ ಹಚ್ಚಿ, ಕೋಡಣಸು ತೊಡಿಸಿದ್ದರು. ನನ್ನ ಕಣ್ಣಿಗೆ ಎಲ್ಲವೂ ಬೂದು ಬಣ್ಣದ ಎತ್ತು, ಅಷ್ಟೇ. ದೊಡ್ಡಪ್ಪ ಮಾತ್ರ ಸಾಲಿನ ನಡುವೆ ನಡೆಯುತ್ತಾ, "ಇದು ಹಳ್ಳಿಕಾರ್. ಇದಕ್ಕೆ ಎಲ್ಲೋ ಅಮೃತಮಹಲ್ ಬೆರೆತಿದೆ. ಅಗೋ ಆ ಬಿಳಿ ಜೋಡಿ, ಅವು ಬಿಜಾಪುರದ ಕಡೆ ಕಿಲಾರಿ" ಅಂತ ಒಂದೊಂದಕ್ಕೂ ಊರು ಹೇಳುತ್ತಾ ಹೋದರು.

"ಹೆಂಗೆ ಗೊತ್ತಾಗುತ್ತೆ ದೊಡ್ಡಪ್ಪ?" ಅಂದೆ.

"ನಾಲ್ಕು ಕಡೆ ನೋಡು ಮಗಾ. ಹಣೆ, ಕೊಂಬು, ಗಂಗೆದೊಗಲು, ಗೊರಸು. ಬಣ್ಣ ಕೊನೆಗೆ ನೋಡು."

ಆಮೇಲೆ ಒಂದು ಹೋರಿಯ ಮೂಗುದಾರ ಹಿಡಿದು, ಕೆಳತುಟಿ ಮಡಚಿ ಹಲ್ಲು ತೋರಿಸಿದರು. ದನಕ್ಕೆ ಮುಂದಿನ ಹಲ್ಲು ಕೆಳಗಡೆ ಮಾತ್ರ ಇರುತ್ತದೆ, ಒಟ್ಟು ಎಂಟು. ಮೇಲೆ ಬರೀ ಗಟ್ಟಿ ಒಸಡು. ಹಾಲುಹಲ್ಲು ಸಣ್ಣಗೆ, ಬೆಳ್ಳಗೆ ಇರುತ್ತದೆ. ಎರಡು ಎರಡೂವರೆ ವರ್ಷಕ್ಕೆ ನಡುವಿನ ಜೋಡಿ ಬಿದ್ದು ಅಗಲವಾದ ಹೊಸ ಹಲ್ಲು ಬರುತ್ತದೆ. ಅದೇ 'ಎರಡು ಹಲ್ಲು'. ಆಮೇಲೆ ನಾಲ್ಕು, ಆರು. ನಾಲ್ಕೂವರೆ ಐದು ವರ್ಷಕ್ಕೆ ಎಂಟೂ ಬಂದರೆ 'ಬಾಯಿ ಕೂಡಿತು' ಅನ್ನುತ್ತಾರೆ. ಮಾರುವವರು ವಯಸ್ಸು ಏನೇ ಹೇಳಲಿ, ಹಲ್ಲು ಹೇಳುವುದನ್ನು ನಂಬಬೇಕು. ಹಲ್ಲಿನಿಂದ ವಯಸ್ಸು ಸಿಗುತ್ತದೆ. ಊರು ಸಿಗಬೇಕಾದರೆ ದೊಡ್ಡಪ್ಪ ಹೇಳಿದ ನಾಲ್ಕು ಕಡೆ ನೋಡಬೇಕು. ಈ ಲೇಖನ ಅದರ ಬಗ್ಗೆ.

ತಳಿ ಅಂದರೆ ಏನು

ಒಂದು ಹಳ್ಳಿಕಾರ್ ಹೋರಿಗೂ ಹಳ್ಳಿಕಾರ್ ಹಸುವಿಗೂ ಹುಟ್ಟಿದ ಕರು ದೊಡ್ಡದಾದಾಗ ಅದೇ ಹಣೆ, ಅದೇ ಕೊಂಬು, ಅದೇ ನಡಿಗೆ ಬರುತ್ತದೆ. ಅದರ ಕರುವಿಗೂ ಬರುತ್ತದೆ. ಹೀಗೆ ತಲೆಮಾರಿನಿಂದ ತಲೆಮಾರಿಗೆ ಗುಣ ತಪ್ಪದೆ ಇಳಿಯುವ ಗುಂಪನ್ನು ತಳಿ ಅನ್ನುತ್ತೇವೆ. ಹರಿಯಾಣದ ಕರ್ನಾಲ್‌ನಲ್ಲಿ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆ ಇದೆ. ದೇಶದ ಯಾವ ತಳಿಯನ್ನಾದರೂ ಪರೀಕ್ಷಿಸಿ ನೋಂದಾಯಿಸುವುದು ಅಲ್ಲೇ. ದನದಲ್ಲೇ 50ಕ್ಕೂ ಹೆಚ್ಚು ದೇಸಿ ತಳಿಗಳು ಅಲ್ಲಿ ದಾಖಲಾಗಿವೆ. ಹಾಗಿದ್ದರೂ ನಮ್ಮ ಹಳ್ಳಿಗಳ ದನಗಳಲ್ಲಿ ಹೆಚ್ಚಿನವು ಯಾವ ತಳಿಗೂ ಸೇರಿದವಲ್ಲ. ಅವನ್ನು ನಾವು ಸುಮ್ನೆ 'ನಾಟಿ' ಅನ್ನುತ್ತೇವೆ. ಊರಲ್ಲಿ ಯಾವ ಹೋರಿ ಸಿಕ್ಕಿತೋ ಅದರಿಂದ ಕಟ್ಟಿದ ಗಬ್ಬ, ಬೆರಕೆಯ ಮೇಲೆ ಬೆರಕೆ. ಹಾಗಂತ ಅವು ಕೆಟ್ಟ ದನ ಅಂತಲ್ಲ. ಕರು ಹೇಗೆ ಬರುತ್ತದೆ ಅಂತ ಮೊದಲೇ ಹೇಳಲು ಆಗುವುದಿಲ್ಲ, ಅಷ್ಟೇ.

ಎಲ್ಲಕ್ಕಿಂತ ಮೊದಲು ಭುಜದ ಮೇಲೆ ಕಣ್ಣು ಹಾಕಿ. ನಮ್ಮ ದೇಸಿ ದನಕ್ಕೆ ಅಲ್ಲಿ ಎದ್ದು ಕಾಣುವ ಹಿಣಿಲು ಇರುತ್ತದೆ. ಕೆಲವರು ಡುಬ್ಬ ಅನ್ನುತ್ತಾರೆ. ಕತ್ತಿನ ಕೆಳಗೆ ಜೋತಾಡುವ ಚರ್ಮ ಗಂಗೆದೊಗಲು. ಯುರೋಪಿನಿಂದ ಬಂದ ಸೀಮೆ ಹಸುವಿಗೆ ಹಿಣಿಲು ಇಲ್ಲ, ಬೆನ್ನು ಹಲಗೆಯ ಹಾಗೆ ನೇರ. ಗಂಗೆದೊಗಲೂ ಕಡಿಮೆ. ಎರಡೂ ಬೆರೆತ ಮಿಶ್ರತಳಿಯಲ್ಲಿ ಹಿಣಿಲು ಸಣ್ಣದೊಂದು ಉಬ್ಬಿನಷ್ಟು ಉಳಿದಿರುತ್ತದೆ. ಬಿಸಿಲ ನಾಡಿನಲ್ಲಿ ಬೆಳೆದ ದನ ತೆಳು ಕೂದಲು, ಸಡಿಲ ಚರ್ಮ, ಚೆನ್ನಾಗಿ ಬೆವರುವ ಮೈ ಪಡೆದುಕೊಂಡಿತು. ಚಳಿಯ ನಾಡಿನಲ್ಲಿ ಬೆಳೆದದ್ದಕ್ಕೆ ಅದರ ಅಗತ್ಯ ಬರಲಿಲ್ಲ. ಮುಂದೆ ಬರುವ ಪ್ರತಿ ತಳಿಯಲ್ಲೂ ಇದೇ ಕಥೆ ಇದೆ. ಆ ಊರಿನ ಮಣ್ಣು, ಮಳೆ, ಕೆಲಸ ಏನು ಕೇಳಿದವೋ ದನದ ಮೈ ಅದರಂತೆ ಆಯಿತು. ಇದು ಮನಸ್ಸಿನಲ್ಲಿದ್ದರೆ ಯಾವ ಗುಣವನ್ನೂ ಬಾಯಿಪಾಠ ಮಾಡಬೇಕಾಗಿಲ್ಲ.

ಹಳ್ಳಿಕಾರ್ ಮತ್ತು ಅದರ ಬಳಗ

ಹಳೇ ಮೈಸೂರಿನ ಮಣ್ಣು ಹೆಚ್ಚಾಗಿ ಕೆಂಪು, ಹಗುರ. ಇಲ್ಲಿ ನೇಗಿಲು ಎಳೆಯಲು ಭಾರದ ಎತ್ತು ಬೇಕಾಗಿಲ್ಲ. ಚುರುಕಾಗಿ ನಡೆಯುವ, ಗಾಡಿ ಕಟ್ಟಿದರೆ ಓಡುವ, ಕಡಿಮೆ ಮೇವಿನಲ್ಲಿ ಬಾಳುವ ಎತ್ತು ಬೇಕು. ಹಳ್ಳಿಕಾರ್ ಅಂಥದ್ದು. ತುಮಕೂರು, ಮಂಡ್ಯ, ಮೈಸೂರು, ಹಾಸನ, ರಾಮನಗರ, ಬೆಂಗಳೂರು ಗ್ರಾಮಾಂತರ ಇದರ ನೆಲೆ. ಇದನ್ನು ಸಾಕಿ ಬೆಳೆಸಿದ ಹಳ್ಳಿಕಾರ ಜನಾಂಗದಿಂದಲೇ ಹೆಸರು ಬಂತು.

ಹಳ್ಳಿಕಾರ್ ಎದುರು ನಿಂತು ನೋಡಿ. ಮುಖ ಉದ್ದ, ಮೂತಿಯ ಕಡೆಗೆ ಸಣ್ಣಗಾಗುತ್ತಾ ಹೋಗುತ್ತದೆ. ಹಣೆ ಮುಂದಕ್ಕೆ ಉಬ್ಬಿದೆ. ಆ ಉಬ್ಬಿನ ನಡುವೆ ಮೇಲಿನಿಂದ ಕೆಳಗೆ ಒಂದು ಗೆರೆಯಂಥ ತಗ್ಗು. ಬೆರಳಿಟ್ಟರೆ ಸರಿಯಾಗಿ ಕೂರುತ್ತದೆ. ಎರಡು ಕೊಂಬೂ ನೆತ್ತಿಯ ಮೇಲೆ ಒಂದರ ಪಕ್ಕ ಒಂದು ಹುಟ್ಟಿ, ಹಿಂದಕ್ಕೆ ವಾಲಿಕೊಂಡು ನೇರ ಮೇಲೇಳುತ್ತವೆ. ಅರ್ಧ ದಾರಿ ಹೋದ ಮೇಲೆ ತುದಿ ನಿಧಾನವಾಗಿ ಮುಂದಕ್ಕೆ ಬಾಗುತ್ತದೆ. ಕಿವಿ ಸಣ್ಣದು, ಚೂಪು. ಚರ್ಮ ಮೈಗೆ ಅಂಟಿದ ಹಾಗೆ ಬಿಗಿ. ಗಂಗೆದೊಗಲು ತೆಳು. ಬಾಲ ಉದ್ದ, ಕುಚ್ಚು ಕಪ್ಪು. ಬಣ್ಣ ಬೂದು. ಬೀಜದ ಹೋರಿಯಾದರೆ ಕತ್ತು, ಭುಜ, ತೊಡೆಯ ಕಡೆ ಕಪ್ಪೇರಿರುತ್ತದೆ.

ಹಾಲು ಕೇಳಬೇಡಿ. ಒಂದು ಸೂಲಿಗೆ, ಅಂದರೆ ಒಮ್ಮೆ ಕರು ಹಾಕಿ ಹಾಲು ಬತ್ತುವವರೆಗೆ, ಸರಾಸರಿ 540 ಕೆಜಿ ಆಸುಪಾಸು ಅಂತ ಲೆಕ್ಕ. ಅಂದರೆ ಕರು ಕುಡಿದು ಮನೆಗೆ ದಿನಕ್ಕೆ ಒಂದೆರಡು ಲೀಟರ್. ಇದು ಹಾಲಿಗೆ ಆರಿಸಿದ ತಳಿಯೇ ಅಲ್ಲ. ಇಂಥ ಹಸುವಿನಿಂದ ನಮ್ಮ ಹಿರಿಯರು ಬಯಸಿದ್ದು ಒಳ್ಳೆಯ ಹೋರಿಗರು. ಟ್ರ್ಯಾಕ್ಟರ್ ಬಂದ ಮೇಲೂ ಹಳ್ಳಿಕಾರ್ ಉಳಿದುಕೊಂಡದ್ದು ಜಾತ್ರೆ, ಓಟ ಮತ್ತು ಸಾಕುವವರ ಹಟದಿಂದ. ಎತ್ತರ, ಬಣ್ಣ, ಕೊಂಬಿನ ಬಾಗು, ನಡಿಗೆ ಎಲ್ಲ ಹೊಂದುವ ಒಂದು ಜೊತೆ ಕಟ್ಟಲು ಜನ ವರ್ಷಗಟ್ಟಲೆ ಹುಡುಕುತ್ತಾರೆ. ಹೊಂದಿದ ಜೊತೆ ಲಕ್ಷಗಟ್ಟಲೆಗೆ ಹೋಗುತ್ತದೆ. ವ್ಯಾಪಾರ ಈಗಲೂ ಟವೆಲ್ ಕೆಳಗೆ ಬೆರಳು ಹಿಡಿದೇ ನಡೆಯುವುದುಂಟು. ಅಂಚೆ ಇಲಾಖೆ 2000ರಲ್ಲಿ ಭಾರತದ ನಾಲ್ಕು ದನದ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಹಳ್ಳಿಕಾರ್ ಕೂಡ ಇತ್ತು. ತುರುವೇಕೆರೆ ತಾಲ್ಲೂಕಿನ ಕುಣಿಕೇನಹಳ್ಳಿಯಲ್ಲಿ ಈ ತಳಿಗೆಂದೇ ಸರ್ಕಾರಿ ಸಂವರ್ಧನಾ ಕೇಂದ್ರ ಇದೆ.

ಇನ್ನು ಅಮೃತಮಹಲ್. ಹಳ್ಳಿಕಾರ್ ಮತ್ತು ಇದನ್ನು ಬೇರೆ ಮಾಡುವುದು ಹೊಸಬರಿಗೆ ನಿಜಕ್ಕೂ ಕಷ್ಟ, ಯಾಕೆಂದರೆ ಎರಡೂ ಒಂದೇ ಮನೆಯವು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ದನಗಳು ಸೇರಿ ಅಮೃತಮಹಲ್ ಆಯಿತು. ನೋಡಬೇಕಾದದ್ದು ಕೊಂಬಿನ ತುದಿಯನ್ನು. ಹಳ್ಳಿಕಾರ್ ಕೊಂಬು ಮುಂದಕ್ಕೆ ಬಾಗಿದರೆ, ಅಮೃತಮಹಲ್ ಕೊಂಬು ಇನ್ನೂ ಉದ್ದವಾಗಿ ಹಿಂದಕ್ಕೆ, ಮೇಲಕ್ಕೆ ಹೋಗಿ ತುದಿಯಲ್ಲಿ ಒಳಕ್ಕೆ ತಿರುಗುತ್ತದೆ. ತುದಿ ಕಪ್ಪು, ಈಟಿಯಂತೆ ಚೂಪು. ವಯಸ್ಸಾದ ಹಸುಗಳಲ್ಲಿ ಎರಡು ತುದಿಯೂ ಒಂದನ್ನೊಂದು ದಾಟಿ ಹೆಣೆದುಕೊಂಡ ಹಾಗೆ ಕಾಣುವುದುಂಟು. ಮುಖದ ಮೇಲೆ, ಗಂಗೆದೊಗಲ ಮೇಲೆ ಬೂದುಬಿಳುಪಿನ ಗುರುತುಗಳಿರುತ್ತವೆ.

ಗುಣದಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ. ಅಮೃತಮಹಲ್ ಕೊಟ್ಟಿಗೆಯಲ್ಲಿ ಬೆಳೆದ ದನವೇ ಅಲ್ಲ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗೆಂದು 'ಬೆಣ್ಣೆ ಚಾವಡಿ' ಇತ್ತು. ಹೈದರಾಲಿ ಅದನ್ನು ಸೈನ್ಯದ ಕೆಲಸಕ್ಕೆ ಬೆಳೆಸಿದ. ಟಿಪ್ಪು ಅದಕ್ಕೆ ಅಮೃತಮಹಲ್ ಅಂತ ಹೆಸರಿಟ್ಟ. ಫಿರಂಗಿ ಎಳೆಯಲು, ದವಸ ಸಾಗಿಸಲು ಈ ಎತ್ತುಗಳು. ಹೈದರನ ಪಡೆ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ 100 ಮೈಲಿ ನಡೆದದ್ದು ಇವುಗಳ ಬಲದಿಂದ ಅಂತ ಮೈಸೂರಿನ ಹಳೆಯ ಗೆಜೆಟಿಯರ್‌ನಲ್ಲಿ ಬರೆದಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದನಗಳು ಬ್ರಿಟಿಷರ ಕೈಗೆ ಹೋದವು.

ಈ ದನಗಳಿಗೆ ಮೇಯಲು 'ಕಾವಲು' ಅಂತ ಹುಲ್ಲುಗಾವಲು ಬಿಟ್ಟಿದ್ದರು. ಅದರಲ್ಲೂ ಬೇಸಿಗೆ ಕಾವಲು ಬೇರೆ, ಮಳೆಗಾಲದ ಕಾವಲು ಬೇರೆ, ಚಳಿಗಾಲದ್ದು ಬೇರೆ. ಹುಲ್ಲು, ನೀರು ಎಲ್ಲಿ ಸಿಗುತ್ತದೋ ಅಲ್ಲಿಗೆ ಹಿಂಡು ನಡೆದು ಹೋಗುತ್ತಿತ್ತು. ಬಯಲಲ್ಲೇ ಹುಟ್ಟಿ, ಬಯಲಲ್ಲೇ ಬೆಳೆದದ್ದರಿಂದ ಅಪರಿಚಿತರನ್ನು ಹತ್ತಿರ ಸೇರಿಸುವುದಿಲ್ಲ. ಅಜ್ಜಂಪುರದ ತಳಿ ಕೇಂದ್ರಕ್ಕೆ ಹೋದವರಿಗೆ ಇದು ಗೊತ್ತು. ಬೇಲಿಯ ಆಚೆ ನೂರು ಹಸು ಒಟ್ಟಿಗೆ ತಲೆ ಎತ್ತಿ ನಿಮ್ಮನ್ನೇ ನೋಡುತ್ತವೆ. ನಾನು ನಿಂತಲ್ಲೇ ನಿಂತೆ. ಕಾಯುವವರು ದೂರದಿಂದ ಕೂಗಿದರೆ ಸಾಕು, ಅವರ ಕಡೆ ಹೊರಟವು. ಆ ಕಾವಲುಗಳು ಕರಗುತ್ತಾ ಬಂದಿರುವುದು ನನಗೆ ತುಂಬ ನೋವಿನ ವಿಷಯ. ಸಾಗುವಳಿಗೆ ಎಷ್ಟೋ ಹೋಯಿತು. ಚಳ್ಳಕೆರೆಯ ಖುದಾಪುರದ ಕಡೆಯ ಕಾವಲು ಸಂಶೋಧನಾ ಸಂಸ್ಥೆಗಳಿಗೆ ಹೋಯಿತು. ಹುಲ್ಲುಗಾವಲಿಲ್ಲದೆ ಅಮೃತಮಹಲ್ ಉಳಿಸುತ್ತೇವೆ ಅನ್ನುವುದು ಕೆರೆಯಿಲ್ಲದೆ ಮೀನು ಸಾಕುತ್ತೇವೆ ಅಂದ ಹಾಗೆ.

ಇದೇ ಬಳಗದ ಇನ್ನೊಂದು ಕಿಲಾರಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಗಡಿಯಾಚೆ ಸಾಂಗ್ಲಿ, ಸೊಲ್ಲಾಪುರ ಇದರ ಸೀಮೆ. ಬಿಳಿ ಅಥವಾ ಬೂದುಬಿಳಿ ಬಣ್ಣ, ಬಿಗಿಯಾದ ಮೈ, ಹಿಂದಕ್ಕೆ ಹೋಗಿ ಬಿಲ್ಲಿನಂತೆ ಮೇಲೇಳುವ ಉದ್ದ ಕೊಂಬು. ಓಟದಲ್ಲಿ ಇದನ್ನು ಮೀರಿಸುವುದು ಕಷ್ಟ. ಕಿಲಾರಿ ಅಂದರೆ ಮೂಲದಲ್ಲಿ ದನ ಕಾಯುವವನು ಅಂತಲೇ ಅರ್ಥ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮ್ಯಾಸಬೇಡರು ಸಾಕುವ 'ದೇವರ ಎತ್ತು'ಗಳನ್ನು ನೋಡಿಕೊಳ್ಳುವವರಿಗೆ ಇಂದಿಗೂ ಕಿಲಾರಿ ಅಂತಲೇ ಹೆಸರು.

ತಮಿಳುನಾಡಿನ ಬರಗೂರು ಬೆಟ್ಟದ ದನವೂ ಈ ಸಂಬಂಧದ್ದೇ. ಕೆಂಪು ಮೈ ಮೇಲೆ ಬಿಳಿ ಮಚ್ಚೆ, ಕಾಡಿನ ದನದಷ್ಟು ಚುರುಕು. ಚಾಮರಾಜನಗರದ ಗಡಿಗೆ ತಾಗಿದ ಆ ಬೆಟ್ಟದಲ್ಲಿ ಅದನ್ನು ಸಾಕುವ ಲಿಂಗಾಯತರ ಮನೆಮಾತು ಕನ್ನಡ.

ಎರೆ ಮಣ್ಣಿನ ದನ ಬೇರೆ

ಈಗ ಕೃಷ್ಣಾ ನದಿ ದಡಕ್ಕೆ ಬನ್ನಿ. ಅಲ್ಲಿನ ಎರೆ ಹೊಲ ಮಳೆ ಬಿದ್ದರೆ ಅಂಟಿನ ಹಾಗೆ ಹಿಡಿಯುತ್ತದೆ. ಚಪ್ಪಲಿ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರೆ ಕಾಲು ಎತ್ತಲಾಗುವುದಿಲ್ಲ. ಅಲ್ಲಿ ಹಳ್ಳಿಕಾರ್ ಓಟ ಕೆಲಸಕ್ಕೆ ಬಾರದು. ನಿಧಾನವಾಗಿ, ಭಾರ ಹಾಕಿ, ನಿಲ್ಲದೆ ಎಳೆಯುವ ಎತ್ತು ಬೇಕು. 19ನೇ ಶತಮಾನದ ಕೊನೆಯ ಅರ್ಧದಲ್ಲಿ ದಕ್ಷಿಣ ಮರಾಠಾ ಸಂಸ್ಥಾನಗಳ ರಾಜರು ಗಿರ್, ಓಂಗೋಲ್, ಕಾಂಕ್ರೇಜ್ ಹೋರಿಗಳನ್ನು ತರಿಸಿ ಸ್ಥಳೀಯ ದನದ ಮೇಲೆ ಬಿಟ್ಟರು. ಹಾಗೆ ಬಂದದ್ದು ಕೃಷ್ಣಾ ವ್ಯಾಲಿ. ದೊಡ್ಡ ಮೈ, ಅಗಲ ಎದೆ, ಗಿಡ್ಡ ದಪ್ಪ ಕತ್ತು, ಉಬ್ಬಿದ ಹಣೆ. ಕೊಂಬು ಸಣ್ಣದು, ಬಾಗಿದ್ದು. ಗಂಗೆದೊಗಲು ಜೋತು ಬಿದ್ದಿರುತ್ತದೆ. ಹಳ್ಳಿಕಾರ್ ಪಕ್ಕ ನಿಲ್ಲಿಸಿದರೆ ಕುಸ್ತಿ ಪೈಲ್ವಾನನ ಪಕ್ಕ ಓಟಗಾರ ನಿಂತ ಹಾಗಿರುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಇದರ ಕೆಲಸವೇ ಹೋಯಿತು. ಈಗ ಶುದ್ಧ ಕೃಷ್ಣಾ ವ್ಯಾಲಿ ಸಿಗುವುದು ಬಲು ಅಪರೂಪ.

ಬೀದರ್ ಕಡೆಯ ದೇವಣಿ ಇನ್ನೊಂದು ದಾರಿ ಹಿಡಿಯಿತು. ಎತ್ತೂ ಬೇಕು, ಮನೆಗೆ ಹಾಲೂ ಬೇಕು ಅನ್ನುವವರ ದನ ಅದು. ಕಿವಿ ಉದ್ದ, ಜೋತು ಬಿದ್ದಿರುತ್ತದೆ. ಬಿಳಿ ಮೈ, ಕಪ್ಪು ಮಚ್ಚೆ. ಮಚ್ಚೆ ಎಲ್ಲಿದೆ ಅನ್ನುವುದರ ಮೇಲೆ ಮೂರು ಬಗೆ ಹೇಳುತ್ತಾರೆ. ಮೈಯೆಲ್ಲ ಬಿಳಿ, ಮುಖದ ಪಕ್ಕ ಮಾತ್ರ ಕಪ್ಪಾದರೆ ವನ್ನೇರ. ಹೊಟ್ಟೆಯ ಕೆಳಭಾಗದಲ್ಲಿ ಮಾತ್ರ ಚುಕ್ಕೆಯಿದ್ದರೆ ಬಾಳಂಕ್ಯ. ಮೈಯೆಲ್ಲ ಅಡ್ಡಾದಿಡ್ಡಿ ಮಚ್ಚೆಯಾದರೆ ವಾಘ್ಯಾ. ಹಾಲು ಸೂಲಿಗೆ ಸರಾಸರಿ 870 ಕೆಜಿ ಸುತ್ತಮುತ್ತ, ಅಂದರೆ ಹಳ್ಳಿಕಾರ್‌ಗಿಂತ ಒಂದೂವರೆ ಪಟ್ಟು.

ಮಲೆನಾಡ ಗಿಡ್ಡ

ನನಗೆ ಎಲ್ಲ ತಳಿಗಿಂತ ಹೆಚ್ಚು ಪ್ರೀತಿ ಇದರ ಮೇಲೆ. ಹೆಸರೇ ಹೇಳುವ ಹಾಗೆ ಗಿಡ್ಡ. ಹಸುವಿನ ಎತ್ತರ ಸುಮಾರು 90 ಸೆಂಟಿಮೀಟರ್, ಅಂದರೆ ನಿಮ್ಮ ಸೊಂಟದ ಹತ್ತಿರಕ್ಕೆ ಬರುತ್ತದೆ. ತೂಕ 80ರಿಂದ 120 ಕೆಜಿ. ಕಪ್ಪು, ಕಂದು ಬಣ್ಣದವು ಜಾಸ್ತಿ. ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಕರಾವಳಿ ಎಲ್ಲ ಕಡೆ ಸಿಗುತ್ತದೆ. ವರ್ಷ ವರ್ಷ ತಪ್ಪದೆ ಕರು ಹಾಕುತ್ತದೆ ಅಂತ 'ವರ್ಷಗಂಧಿ' ಅನ್ನುವ ಹೆಸರೂ ಇದೆ.

ಇಷ್ಟು ಸಣ್ಣ ಮೈ ಯಾಕೆ? ಮಲೆನಾಡಲ್ಲಿ ಹಸಿರಿಗೇನೂ ಬರ ಇಲ್ಲ ಅಲ್ವಾ? ಆದರೆ ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆಗೆ ಮಣ್ಣಿನ ಸತ್ವ ತೊಳೆದು ಹೋಗುತ್ತದೆ. ಹುಲ್ಲು ಹಸಿರಾಗಿ ಕಂಡರೂ ಅದರಲ್ಲಿ ಕಸುವು ಕಡಿಮೆ. ದೊಡ್ಡ ಮೈಯ ದನ ಅದನ್ನೇ ತಿಂದು ಬದುಕಲಾರದು. ಸಣ್ಣ ಮೈಗೆ ಸಾಕಾಗುತ್ತದೆ. ಗುಡ್ಡದ ಕಡಿದಾದ ದಾರಿ ಹತ್ತಿ ಇಳಿಯಲೂ ಹಗುರ ಮೈಯೇ ಸರಿ. ಗೊರಸು ಸಣ್ಣದು, ಗಟ್ಟಿ. ಮಳೆಗಾಲದ ರಾಡಿಯಲ್ಲಿ ನಿಂತರೂ ಕಾಲು ಕೊಳೆಯುವ ಕಾಯಿಲೆ ಸೀಮೆ ಹಸುವಿನಷ್ಟು ಬೇಗ ಬರುವುದಿಲ್ಲ. ಬೆಳಗ್ಗೆ ಬಿಟ್ಟರೆ ಕಾಡಂಚಿನಲ್ಲಿ ಸೊಪ್ಪು ಸದೆ ಮೇಯ್ದು ಸಂಜೆ ತಾವೇ ಬರುತ್ತವೆ.

ಹಾಲು ದಿನಕ್ಕೆ ಒಂದರಿಂದ ಮೂರು ಲೀಟರ್. ಆದರೆ ಅಡಿಕೆ ತೋಟದವರು ಈ ದನ ಕಟ್ಟಿದ್ದು ಹಾಲಿಗಿಂತ ಗೊಬ್ಬರಕ್ಕೆ. ಕೊಟ್ಟಿಗೆಗೆ ದರಕು ಅಂದರೆ ಒಣಗಿದ ಎಲೆ, ಹಸಿ ಸೊಪ್ಪು ಹಾಸುತ್ತಾರೆ. ದನ ಅದರ ಮೇಲೆ ಮಲಗಿ, ತುಳಿದು, ಸಗಣಿ ಗಂಜಲ ಬೆರೆಸಿ ಗೊಬ್ಬರ ಮಾಡಿಕೊಡುತ್ತದೆ. ಅದು ತೋಟಕ್ಕೆ ಹೋಗುತ್ತದೆ. ಹಾಲಿನ ಲೀಟರ್ ಲೆಕ್ಕ ಒಂದನ್ನೇ ಹಿಡಿದು ಗಿಡ್ಡವನ್ನು 'ಲಾಭವಿಲ್ಲದ ದನ' ಅನ್ನುವವರು ಈ ಗೊಬ್ಬರಕ್ಕೆ ಬೆಲೆ ಕಟ್ಟುವುದನ್ನು ಮರೆಯುತ್ತಾರೆ.

ಸೀಮೆ ಹಸು, ಮಿಶ್ರತಳಿ, ಉತ್ತರದ ಹಸು

ಡೈರಿಗೆ ಹಾಲು ಹಾಕುವವರ ಮನೆಯಲ್ಲಿ ಇವತ್ತು ಕಾಣುವುದು ಹೆಚ್ಚಾಗಿ ಎರಡೇ ಬಗೆ. ಕಪ್ಪು ಬಿಳುಪಿನ ದೊಡ್ಡ ಮಚ್ಚೆಯದು ಹೋಲ್‌ಸ್ಟೀನ್ ಫ್ರೀಸಿಯನ್, ಚಿಕ್ಕದಾಗಿ ಎಚ್‌ಎಫ್, ಹಾಲೆಂಡ್ ಕಡೆಯ ಮೂಲ. ತಿಳಿಕಂದು ಬಣ್ಣ, ದೊಡ್ಡ ಕಣ್ಣು, ಹಣೆ ತಟ್ಟೆಯಂತೆ ಒಳಕ್ಕೆ ತಗ್ಗಾಗಿದ್ದರೆ ಜರ್ಸಿ, ಇಂಗ್ಲಿಷ್ ಕಾಲುವೆಯ ಜರ್ಸಿ ದ್ವೀಪದ್ದು. ಎಚ್‌ಎಫ್ ಹಾಲು ಜಾಸ್ತಿ, ಫ್ಯಾಟ್ ಕಡಿಮೆ, 3.5ರ ಆಸುಪಾಸು. ಜರ್ಸಿ ಹಾಲು ಸ್ವಲ್ಪ ಕಡಿಮೆ, ಫ್ಯಾಟ್ 5ರ ಹತ್ತಿರ. ಮೈಯೂ ಸಣ್ಣದು, ಮೇವು ಕಡಿಮೆ ಸಾಕು, ಬಿಸಿಲನ್ನೂ ಎಚ್‌ಎಫ್‌ಗಿಂತ ಚೆನ್ನಾಗಿ ತಾಳುತ್ತದೆ. ಡೈರಿಯಲ್ಲಿ ದುಡ್ಡು ಬರುವುದು ಫ್ಯಾಟ್ ಮತ್ತು ಅದು ಬಿಟ್ಟು ಉಳಿದ ಘನಾಂಶವಾದ ಎಸ್‌ಎನ್‌ಎಫ್ ನೋಡಿ. ಹಾಗಾಗಿ ಬರೀ ಲೀಟರ್ ಎಣಿಸಿ ಹಸು ಕೊಳ್ಳುವುದು ಅರ್ಧ ಲೆಕ್ಕ.

ನಮ್ಮಲ್ಲಿರುವುದು ಹೆಚ್ಚಿನಂಶ ಶುದ್ಧ ಎಚ್‌ಎಫ್ ಅಲ್ಲ, ಮಿಶ್ರತಳಿ. ಲೆಕ್ಕ ಸುಲಭ. ನಾಟಿ ಹಸುವಿಗೆ ಎಚ್‌ಎಫ್ ಹೋರಿಯ ವೀರ್ಯದ ಇಂಜೆಕ್ಷನ್ ಕೊಡಿಸಿದರೆ ಹುಟ್ಟುವ ಕರು ಅರ್ಧ ಎಚ್‌ಎಫ್. ಅದಕ್ಕೆ ಮತ್ತೆ ಎಚ್‌ಎಫ್ ಕೊಡಿಸಿದರೆ ಕರುವಿನಲ್ಲಿ ನೂರಕ್ಕೆ 75 ಭಾಗ. ಇನ್ನೊಂದು ಸಲ ಕೊಡಿಸಿದರೆ 87.5. ಮೊದಲ ಅರ್ಧದಲ್ಲಿ ಹಾಲೂ ಏರುತ್ತದೆ, ನಮ್ಮ ದನದ ತಾಳಿಕೆಯೂ ಉಳಿದಿರುತ್ತದೆ. ಅರ್ಧ ದಾಟಿ ತುಂಬ ಮೇಲೆ ಹೋದ ಹಾಗೆ ಬಿಸಿಲಿಗೆ ಏದುಸಿರು ಬಿಡುವುದು, ಉಣ್ಣಿ ಹುಳದಿಂದ ಬರುವ ಥೈಲೇರಿಯಾ ಜ್ವರ, ಗಬ್ಬ ನಿಲ್ಲದಿರುವುದು ಶುರುವಾಗುತ್ತದೆ. ತಣ್ಣನೆಯ ಕೊಟ್ಟಿಗೆ, ಹಸಿಮೇವು, ಕೈಗೆ ಸಿಗುವ ಡಾಕ್ಟರ್ ಮೂರೂ ಇದ್ದವರಿಗೆ ಅದು ಸರಿ. ಇಲ್ಲದವರಿಗೆ ಅರ್ಧದ ಆಸುಪಾಸಿನಲ್ಲಿ ನಿಲ್ಲಿಸಿಕೊಳ್ಳುವುದೇ ಒಳ್ಳೆಯದು. ಹಸು ಬೆದೆಗೆ ಬಂದಾಗ ಇಂಜೆಕ್ಷನ್ ಕೊಡುವವರನ್ನು 'ಯಾವ ಹೋರಿದು ಸಾರ್?' ಅಂತ ಕೇಳಿ. ವೀರ್ಯದ ಕಡ್ಡಿಯ ಮೇಲೆ ತಳಿ ಮತ್ತು ಹೋರಿಯ ನಂಬರ್ ಅಚ್ಚಾಗಿರುತ್ತದೆ. ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಮೂರು ವರ್ಷ ಆದ ಮೇಲೆ ಆ ಕರುವಿಗೆ ಏನು ಕೊಡಿಸಬೇಕು ಅಂತ ನಿರ್ಧರಿಸಲು ಆ ಒಂದು ಸಾಲು ಬೇಕಾಗುತ್ತದೆ.

ಉತ್ತರದಿಂದ ಬಂದ ಗಿರ್, ಸಾಹಿವಾಲ್ ಹೆಸರು ಈಗ ಎಲ್ಲರ ಬಾಯಲ್ಲಿ. ಇವು ದೇಸಿ ತಳಿಗಳಲ್ಲಿ ಹಾಲಿಗೆಂದೇ ಬೆಳೆದವು. ಗುಜರಾತಿನ ಗಿರ್ ಗುರುತಿಸುವುದು ಸುಲಭ. ಹಣೆ ಬೋರಲು ಹಾಕಿದ ಬಟ್ಟಲಿನ ಹಾಗೆ ಉಬ್ಬಿರುತ್ತದೆ. ಕಿವಿ ಉದ್ದವಾಗಿ ಜೋತು, ಸುರುಳಿ ಸುತ್ತಿದ ಎಲೆಯ ಹಾಗೆ ಒಳಕ್ಕೆ ಮಡಚಿ, ತುದಿಯಲ್ಲಿ ಸಣ್ಣ ಕಚ್ಚು ಇರುತ್ತದೆ. ಕೊಂಬು ಮೊದಲು ಕೆಳಕ್ಕೆ, ಹಿಂದಕ್ಕೆ ಹೋಗಿ ಆಮೇಲೆ ಮೇಲೇಳುತ್ತದೆ. ಸಾಹಿವಾಲ್ ಕೆಂಗಂದು ಬಣ್ಣದ್ದು, ಕೊಂಬು ಗಿಡ್ಡ, ಚರ್ಮ ಎಷ್ಟು ಸಡಿಲ ಅಂದರೆ ನಡೆಯುವಾಗ ಮೈಯೆಲ್ಲ ಅಲೆಯುತ್ತದೆ.

ಇಲ್ಲಿ ನಮ್ಮ ಮನೆಯ ಒಂದು ಅನುಭವ ಹೇಳಬೇಕು. ನನ್ನ ತಮ್ಮ ಫೋನಿನಲ್ಲಿ ಫೋಟೋ ನೋಡಿ ಒಂದು 'ಗಿರ್' ಹಸು ತರಿಸಿದ. ಕೆಂಪು ಬಣ್ಣ, ಜೋಲು ಕಿವಿ. ಫೋಟೋದಲ್ಲಿ ಎಲ್ಲ ಸರಿ ಇತ್ತು. ಗಾಡಿಯಿಂದ ಇಳಿಸಿದಾಗ ದೊಡ್ಡಪ್ಪ ಕಿವಿಯನ್ನು ಕೈಯಲ್ಲಿ ಹಿಡಿದು ಬಿಡಿಸಿ ನೋಡಿದರು. ಮಡಿಕೆಯೂ ಇಲ್ಲ, ಕಚ್ಚೂ ಇಲ್ಲ. ಹಣೆ ಮಟ್ಟಸ. ಹಿಣಿಲು ಮುಷ್ಟಿಯಷ್ಟು. "ಇದರ ತಾಯಿನೋ ಅಜ್ಜಿನೋ ಜರ್ಸಿ ಕಣಪ್ಪ" ಅಂದರು. ಕೊಟ್ಟ ದುಡ್ಡು ವಾಪಸ್ ಬರಲಿಲ್ಲ. ಹಸು ಮಾತ್ರ ಸಾಧು, ಈಗಲೂ ನಮ್ಮಲ್ಲೇ ಇದೆ. ಬಣ್ಣ ಕೊನೆಗೆ ನೋಡು ಅಂತ ದೊಡ್ಡಪ್ಪ ಜಾತ್ರೆಯಲ್ಲಿ ಹೇಳಿದ್ದು ಇದಕ್ಕೇ.

ದೇಸಿ ಹಸುವಿನ ಎ2 ಹಾಲು ಒಳ್ಳೆಯದು, ಸೀಮೆ ಹಸುವಿನ ಎ1 ಹಾಲು ಕೆಟ್ಟದ್ದು ಅನ್ನುವ ಮಾತನ್ನೂ ಇಲ್ಲೇ ಮುಗಿಸೋಣ. ಹಾಲಿನಲ್ಲಿ ಬೀಟಾ ಕೇಸಿನ್ ಅನ್ನುವ ಪ್ರೋಟೀನ್ ಇದೆ. ಅದೊಂದು ಉದ್ದನೆಯ ಸರ. ಅದರ 67ನೇ ಮಣಿ ಎ1 ಮತ್ತು ಎ2 ಹಾಲಿನಲ್ಲಿ ಬೇರೆ ಬೇರೆ. ವ್ಯತ್ಯಾಸ ಅಷ್ಟೇ. ನಮ್ಮ ದೇಸಿ ತಳಿಗಳಲ್ಲಿ ಬಹುಪಾಲು ಎ2. ಆದರೆ ಎಮ್ಮೆ ಹಾಲೂ ಎ2, ಸೀಮೆ ಹಸುಗಳಲ್ಲೂ ಎ2 ಇರುವವು ಬೇಕಾದಷ್ಟಿವೆ. ಎ1 ಹಾಲಿನಿಂದ ರೋಗ ಬರುತ್ತದೆ ಅನ್ನುವುದು ಸಾಬೀತಾಗಿಲ್ಲ. ದೇಸಿ ಹಸು ಸಾಕಲು ಒಳ್ಳೆಯ ಕಾರಣಗಳು ಎಷ್ಟೋ ಇವೆ. ಹೆದರಿಸಿ ಹಾಲು ಮಾರುವುದು ಮಾತ್ರ ಬೇಡ.

ಎಮ್ಮೆ, ಕುರಿ, ಆಡು

ಎಮ್ಮೆಯಲ್ಲಂತೂ ಕೊಂಬೇ ವಿಳಾಸ. ಹರಿಯಾಣದ ಮುರ್ರಾ ಕೊಂಬು ತಲೆಯ ಪಕ್ಕದಲ್ಲೇ ಬಿಗಿಯಾಗಿ ಸುರುಳಿ ಸುತ್ತಿರುತ್ತದೆ. ಗುಜರಾತಿನ ಸುರ್ತಿಗೆ ಕುಡುಗೋಲಿನಂಥ ಕೊಂಬು, ಕತ್ತಿನ ಕೆಳಗೆ ಎರಡು ಬಿಳಿ ಪಟ್ಟೆ. ವಿಜಯಪುರ, ಬೆಳಗಾವಿ ಗಡಿಯ ಪಂಢರಪುರಿಗೆ ಕತ್ತಿಯಂತೆ ಉದ್ದ ಕೊಂಬು, ಭುಜ ದಾಟಿ ಹಿಂದಕ್ಕೆ ಚಾಚಿರುತ್ತದೆ. ನಮ್ಮ ಧಾರವಾಡಿ ಎಮ್ಮೆಯದು ಅರ್ಧಚಂದ್ರ. ಧಾರವಾಡ ಪೇಢೆಯ ರುಚಿಯ ಹಿಂದೆ ಇರುವುದು ಇದರ ಹಾಲು. ಕಾಲಕಾಲದಿಂದ ಮನೆ ಮನೆಯಲ್ಲಿದ್ದರೂ ಪ್ರತ್ಯೇಕ ತಳಿ ಅಂತ ನೋಂದಣಿ ಆದದ್ದು 2021ರಲ್ಲಿ ಮಾತ್ರ.

ಕುರಿಯಲ್ಲಿ ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಗೆ ಸಾಟಿಯಿಲ್ಲ. ಬನ್ನೂರು ಕುರಿ ಅಂತಲೇ ಹೆಚ್ಚು ಜನ ಕರೆಯುತ್ತಾರೆ. ಗಿಡ್ಡ ಕಾಲು, ತುಂಬಿದ ಮೈ. ಹಿಂದಿನಿಂದ ನೋಡಿದರೆ ಎರಡು ತೊಡೆಯ ನಡುವೆ ತಲೆಕೆಳಗಾದ ಕುದುರೆ ಲಾಳದ ಆಕಾರ ಕಾಣಬೇಕು. ಕೊಳ್ಳುವವರು ಮೊದಲು ನೋಡುವುದು ಅದನ್ನೇ. ಮಾಂಸ ಮೃದು ಅಂತ ಅದಕ್ಕೆ ಬೆಲೆ. ಇದಕ್ಕೆ ಪೂರ್ತಿ ಉಲ್ಟಾ ಡೆಕ್ಕನಿ. ಹೆಚ್ಚಾಗಿ ಕಪ್ಪು, ಸಣಕಲು ಮೈ, ಉದ್ದ ಕಾಲು. ಕುರುಬರ ಜೊತೆ ಊರೂರು ನಡೆಯುವುದೇ ಅದರ ಬದುಕು. ಬಂಡೂರು ಕುರಿಯನ್ನು ಅಷ್ಟು ದೂರ ನಡೆಸಲಾಗದು. ಡೆಕ್ಕನಿಯ ಒರಟು ಉಣ್ಣೆಯಿಂದ ಕರಿ ಕಂಬಳಿ ನೇಯುತ್ತಾರೆ. ಉಣ್ಣೆಗೆ ಬೆಲೆ ಬಿದ್ದ ಮೇಲೆ ರಾಯಚೂರು, ಕೊಪ್ಪಳದ ಕೆಂಗುರಿಯಂಥ ಮಾಂಸದ ಕುರಿಗಳ ಕಡೆ ಜನ ಹೊರಳಿದ್ದಾರೆ.

ದೂರದಿಂದ ನೋಡಿ ಕುರಿಯೋ ಆಡೋ ಅಂತ ಅನುಮಾನ ಬಂದರೆ ಬಾಲ ನೋಡಿ. ಆಡಿನ ಬಾಲ ಮೇಲಕ್ಕೆ, ಕುರಿಯ ಬಾಲ ಕೆಳಕ್ಕೆ. ಬಾಯಿಯೂ ಹಾಗೆ. ಕುರಿ ನೆಲದ ಹುಲ್ಲು ಹುಡುಕಿದರೆ ಆಡು ಗಿಡದ ಚಿಗುರು ಹುಡುಕುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುವ ಗಾದೆ ನಮ್ಮಲ್ಲಿ ಸುಮ್ನೆ ಹುಟ್ಟಿದ್ದಲ್ಲ. ನಮ್ಮ ರಾಜ್ಯದ್ದೇ ಆಡಿನ ತಳಿಗಳು ಬಿಳಿಯ ನಂದಿದುರ್ಗ ಮತ್ತು ಬೀದರಿನ ಕರಿಯ ಬಿದ್ರಿ.

ಹೋದ ವರ್ಷ ತೀರ್ಥಹಳ್ಳಿ ಕಡೆ ತೋಟ ಇರುವ ಗೆಳೆಯರೊಬ್ಬರು ಹಸು ಕೊಳ್ಳಬೇಕು ಅಂದರು. ಮನೆಯಲ್ಲಿ ಮೂರೇ ಜನ, ತೋಟ ಮೂರು ಎಕರೆ. ಅವರ ಮನಸ್ಸಿನಲ್ಲಿದ್ದದ್ದು ಗಿರ್. ಗುಜರಾತಿನ ಒಣ ಹವೆಯ ಕಾಠಿಯಾವಾಡದ ಹಸು ಆಗುಂಬೆ ಮಳೆಯ ಪಕ್ಕ ಹೇಗೆ ಇರುತ್ತದೆ ಅಂತ ಕೇಳಿದೆ. ಆಮೇಲೆ ಅವರ ಊರಿನಲ್ಲೇ ಒಂದು ಕೊಟ್ಟಿಗೆಗೆ ಹೋದೆವು. ಮನೆಯ ಅಜ್ಜಿ ಕುಕ್ಕರುಗಾಲಲ್ಲಿ ಕೂತು ಗಿಡ್ಡದ ಹಾಲು ಕರೆಯುತ್ತಿದ್ದರು. ಕೆಚ್ಚಲು ತೆಂಗಿನಕಾಯಿಯಷ್ಟು, ಮೊಲೆ ಎರಡು ಬೆರಳಿಗೆ ಸಿಗುವಷ್ಟು. ಸಣ್ಣ ಚೊಂಬಿನಲ್ಲಿ ನೊರೆ ಏರಿತು. ಅಜ್ಜಿ ಒಂದು ಮೊಲೆ ಕರುವಿಗೆ ಬಿಟ್ಟು ಎದ್ದರು. "ಒಂದು ಹೊತ್ತಿಗೆ ಒಂದು ಸೇರು. ನಮ್ಗೆ ಸಾಕಾತದೆ" ಅಂದರು.

ಗೆಳೆಯರು ಎರಡು ಗಿಡ್ಡ ತಂದರು. ಒಂದು ಕಪ್ಪು, ಒಂದು ಕಂದು. ಕಪ್ಪನೆಯದು ಬರುವ ತಿಂಗಳು ಈಯುತ್ತದೆ.